ರೊಕ್ಕ ಇದ್ದರೂ ಕಂತು ಬೌನ್ಸ್: ದಂಡ ಎಲ್ಲಿಂದ ಬಿತ್ತು ಅಂತ ಹುಡುಕುವ ಬಗೆ

“ಖಾತೆದಾಗ ಎಪ್ಪತ್ತೆಂಟು ಸಾವಿರ ಐತಿ. ಇಪ್ಪತ್ತೆರಡು ಸಾವಿರದ ಕಂತು ಹೆಂಗ ಬೌನ್ಸ್ ಆಗ್ತೈತಿ? ನೀನ ಹೇಳು.”

ಭಾನುವಾರ ಬೆಳಗ್ಗೆ ಚಹಾ ಕುಡಿಯುವ ಮೊದಲೇ ಕಾಕಾ ಮನೆಗೆ ಬಂದು ಮೊಬೈಲ್ ನನ್ನ ಮುಂದೆ ಇಟ್ಟರು. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಅವರದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಇದೆ. ನಾನು ಐದಾರು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಅದರಲ್ಲಿ ಅವರದೂ ಒಂದು. ಮೊಬೈಲಿನಲ್ಲಿ ದೊಡ್ಡದಾಗಿ 78,400 ಅಂತ ಇತ್ತು. ಅದರ ಕೆಳಗೆ, ಕನ್ನಡಕ ಇಲ್ಲದೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಅವೈಲಬಲ್ ಬ್ಯಾಲೆನ್ಸ್ 18,400 ಅಂತ ಇತ್ತು. ಕಾಕಾ ಮೇಲಿನದನ್ನು ನಂಬಿದ್ದರು. ಕಂತು ಎಳೆಯಲು ಬಂದವರಿಗೆ ಬ್ಯಾಂಕು ಕೆಳಗಿನದನ್ನು ತೋರಿಸಿ ಕಳಿಸಿತ್ತು.

ಇಂಥ ಕೇಸು ತಿಂಗಳಿಗೆ ಒಂದಾದರೂ ನನ್ನ ಹತ್ತಿರ ಬರುತ್ತದೆ. ಬಂದವರೆಲ್ಲ ಮೊದಲು ಹೇಳುವುದು ಬ್ಯಾಂಕಿನವರು ಮೋಸ ಮಾಡಿದರು ಅಂತ. ಕೆಲವು ಸಲ ತಪ್ಪು ಬ್ಯಾಂಕಿನದೇ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ಹತ್ತರಲ್ಲಿ ಏಳೆಂಟು ಕೇಸಿನಲ್ಲಿ ಮೊತ್ತ ಸರಿಯಾಗಿಯೇ ಇರುತ್ತದೆ, ಹೊತ್ತು ತಪ್ಪಿರುತ್ತದೆ. ರೊಕ್ಕ ತುಂಬಿದ ಹೊತ್ತು ಒಂದು, ಅದು ಕೈಗೆ ಸಿಗುವ ಹೊತ್ತು ಇನ್ನೊಂದು. ಅವೆರಡರ ನಡುವೆ ಕಂತೋ ಚೆಕ್ಕೋ ಬಂದು ಬಡಿದರೆ ದಂಡ ಬೀಳುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓವರ್‌ಡ್ರಾಫ್ಟ್ ಫೀ ಅಂತ ಮೊಬೈಲಿನಲ್ಲಿ ಹುಡುಕಿದರೆ ಜಾಸ್ತಿ ಸಿಗುವುದು ಅಮೆರಿಕದ ವಿಡಿಯೊಗಳು. ಅಲ್ಲಿ ಖಾತೆಯಲ್ಲಿ ಹಣ ಸಾಲದಿದ್ದರೂ ಬ್ಯಾಂಕು ತಾನೇ ಕೊಟ್ಟು, ಆಮೇಲೆ 35 ಡಾಲರ್ ಆಸುಪಾಸು ಶುಲ್ಕ ಹಾಕುವ ರೂಢಿ ಇದೆ. ನಮ್ಮಲ್ಲಿ ಸಾಮಾನ್ಯ ಉಳಿತಾಯ ಖಾತೆಯಲ್ಲಿ ಹಾಗಿಲ್ಲ. ಹಣ ಸಾಲದಿದ್ದರೆ ವಾಪಸ್ ಕಳಿಸುತ್ತಾರೆ, ವಾಪಸ್ ಕಳಿಸಿದ್ದಕ್ಕೆ ಶುಲ್ಕ ಹಾಕುತ್ತಾರೆ. ಓವರ್‌ಡ್ರಾಫ್ಟ್, ಅಂದರೆ ಓಡಿ, ನಾವು ಕೇಳಿ ಮಂಜೂರು ಮಾಡಿಸಿಕೊಂಡರೆ ಮಾತ್ರ ಸಿಗುತ್ತದೆ. ಜನಧನ ಖಾತೆಗೂ 10,000 ರೂಪಾಯಿವರೆಗೆ ಓಡಿ ಇದೆ. ಅದೂ ಅರ್ಜಿ ಹಾಕಿದ ಮೇಲೆಯೇ.

ಮೊದಲು ದಂಡದ ಹೆಸರು ಓದಿ

ಪಾಸ್‌ಬುಕ್ ಎಂಟ್ರಿ ಸಾಕಾಗುವುದಿಲ್ಲ. ಒಂದು ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ, ಕಡಿತವಾದ ಸಾಲಿನಲ್ಲಿ ಏನು ಬರೆದಿದೆ ನೋಡಿ. ನ್ಯಾಚ್ ಅಂದರೆ ಕಂತನ್ನು ಖಾತೆಯಿಂದ ತಾನಾಗಿ ಎಳೆಯುವ ವ್ಯವಸ್ಥೆ. ನ್ಯಾಚ್ ರಿಟರ್ನ್ ಅಂತ ಇದ್ದರೆ ಕಂತು ಬೌನ್ಸ್ ಆಗಿದೆ. ಇನ್‌ವರ್ಡ್ ರಿಟರ್ನ್ ಅಂದರೆ ನೀವು ಕೊಟ್ಟ ಚೆಕ್ ವಾಪಸ್ ಹೋಗಿದೆ, ಔಟ್‌ವರ್ಡ್ ರಿಟರ್ನ್ ಅಂದರೆ ನಿಮಗೆ ಯಾರೋ ಕೊಟ್ಟ ಚೆಕ್ ವಾಪಸ್ ಬಂದಿದೆ. ಎಎಂಬಿ, ಎಂಎಬಿ, ಕ್ಯೂಎಬಿ ಇಂಥವು ಮಿನಿಮಮ್ ಬ್ಯಾಲೆನ್ಸ್ ದಂಡ. ಪೀನಲ್ ಚಾರ್ಜ್ ಅಂದರೆ ಸಾಲದ ಕರಾರು ಎಲ್ಲೋ ಮುರಿದಿದೆ. ಪೀನಲ್ ಚಾರ್ಜಿಗೆ ಜಿಎಸ್‌ಟಿ ಇಲ್ಲ, ಉಳಿದವುಗಳ ಜೊತೆ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ ಬರುತ್ತದೆ. ಅದಕ್ಕೇ 500ರ ದಂಡ 590 ಆಗಿ ಕಾಣುತ್ತದೆ. ಇದು ಗೊತ್ತಿಲ್ಲದೆ “ತೊಂಬತ್ತು ಎಲ್ಲಿಂದ ಬಂತು” ಅಂತ ಕೌಂಟರಿನಲ್ಲಿ ಜಗಳ ಆಡಿದವರನ್ನು ನೋಡಿದ್ದೇನೆ.

ಹೆಸರು ಗೊತ್ತಾಗದೆ ಮುಂದೆ ಹೋಗಬೇಡಿ. ಗದಗಿನ ಒಬ್ಬ ಮುದ್ರಣದವರು ಚೆಕ್ ಬೌನ್ಸ್ ದಂಡ ಅಂತ ಎರಡು ವಾರ ಪಾರ್ಟಿ ಜೊತೆ ಮಾತು ಬಿಟ್ಟಿದ್ದರು. ಕೊನೆಗೆ ನೋಡಿದರೆ ಅದು ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ.

ಆಮೇಲೆ ಗಂಟೆ ಸಮೇತ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ದಂಡ ಬಿದ್ದ ದಿನಕ್ಕಿಂತ ನಾಲ್ಕು ದಿನ ಹಿಂದಿನಿಂದ ಶುರು ಮಾಡಿ. ತಾರೀಖು, ವಾರ, ಗಂಟೆ ಮೂರನ್ನೂ ಬರೆಯಿರಿ. ಗಂಟೆ ಎಸ್‌ಎಂಎಸ್‌ನಲ್ಲಿ ಸಿಗುತ್ತದೆ, ಸ್ಟೇಟ್‌ಮೆಂಟಿನಲ್ಲಿ ಸಿಗುವುದು ಕಡಿಮೆ. ಸ್ಟೇಟ್‌ಮೆಂಟಿನಲ್ಲಿ ಎರಡು ತಾರೀಖಿನ ಕಾಲಂ ಇದ್ದರೆ ಒಂದು ಎಂಟ್ರಿ ಹಾಕಿದ ದಿನ, ಇನ್ನೊಂದು ವ್ಯಾಲ್ಯೂ ಡೇಟ್, ಅಂದರೆ ಹಣ ನಿಜಕ್ಕೂ ಲೆಕ್ಕಕ್ಕೆ ಬಂದ ದಿನ. ಎರಡೂ ಬೇರೆಬೇರೆ ಇದ್ದ ಸಾಲಿನ ಮುಂದೆ ಒಂದು ಗುರುತು ಹಾಕಿ.

ಕಾಕಾನ ಹಾಳೆ ಹೀಗಿತ್ತು:

ಶುಕ್ರವಾರ 8, ಬೆಳಗ್ಗೆ: ಬಾಕಿ 18,400.
ಶುಕ್ರವಾರ ಮಧ್ಯಾಹ್ನ 3.40: ಗುತ್ತಿಗೆದಾರರೊಬ್ಬರು ಕೊಟ್ಟ 60,000ದ ಚೆಕ್ ಕೌಂಟರಿನಲ್ಲಿ ಕೊಟ್ಟದ್ದು. ಎಂಟ್ರಿ ಆಯಿತು, ಒಟ್ಟು 78,400 ಕಂಡಿತು.
ಶನಿವಾರ 9: ಎರಡನೇ ಶನಿವಾರ, ಬ್ಯಾಂಕ್ ರಜೆ.
ಭಾನುವಾರ 10, ಬೆಳಗ್ಗೆ: ಟೆಂಪೊ ಸಾಲದ ಕಂತು 22,750 ಎಳೆಯಲು ಬಂತು. ಹಣ ಸಾಲದೆ ವಾಪಸ್.
ಸೋಮವಾರ 11, ರಾತ್ರಿ 8ರ ಸುಮಾರಿಗೆ: 60,000 ನಿಜವಾಗಿ ಜಮಾ.

ಮೊದಲ ನಾಲ್ಕು ಸಾಲು ಅವತ್ತೇ ಬರೆದೆವು, ಕೊನೆಯದನ್ನು ಮರುದಿನ ರಾತ್ರಿ ಸೇರಿಸಿದೆವು. ಹಾಳೆ ನೋಡಿದ ಮೇಲೆ ಕಾಕಾ ಸುಮ್ನೆ ಕೂತರು. “ಐತವಾರ ಬ್ಯಾಂಕ್ ಬಂದ್ ಇರ್ತೈತಿ, ಕಂತು ಯಾವಂವ ಎಳದಾ?” ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಮೊದಲು ಕಂತಿನ ದಿನ ರಜೆ ಬಂದರೆ ಮುಂದಿನ ಕೆಲಸದ ದಿನ ಎಳೆಯುತ್ತಿದ್ದರು. 2021ರ ಆಗಸ್ಟ್ 1ರಿಂದ ನ್ಯಾಚ್ ವಾರದ ಏಳೂ ದಿನ ಓಡುತ್ತದೆ. ಅಂದರೆ ನಿಮ್ಮ ಖಾತೆಯಿಂದ ಹಣ ಹೋಗುವ ಬಾಗಿಲು ಭಾನುವಾರವೂ ತೆಗೆದಿರುತ್ತದೆ, ಚೆಕ್ ಒಳಗೆ ಬರುವ ಬಾಗಿಲು ಮುಚ್ಚಿರುತ್ತದೆ. ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆ 2015ರ ಸೆಪ್ಟೆಂಬರಿನಿಂದ ಬಂದದ್ದು. ಈ ಎರಡನ್ನು ಸೇರಿಸಿದರೆ ಶುಕ್ರವಾರ ಮಧ್ಯಾಹ್ನದಿಂದ ಸೋಮವಾರ ಸಂಜೆವರೆಗೆ ಒಂದು ಗುಂಡಿ. ನನ್ನ ಹತ್ತಿರ ಬರುವ ಕಂತು ಬೌನ್ಸ್ ಕೇಸುಗಳಲ್ಲಿ ಜಾಸ್ತಿ ಬಿದ್ದಿರುವುದು ಈ ಗುಂಡಿಯಲ್ಲೇ.

ಕಡಿಮೆ ಬಿದ್ದದ್ದು 4,350. ಬ್ಯಾಂಕಿನ ದಂಡ 590, ಸಾಲ ಕೊಟ್ಟ ಕಂಪನಿಯದು ಮತ್ತೆ 590. ದಂಡ ಎರಡು ಕಡೆ ಬೀಳುತ್ತದೆ, ಇದನ್ನು ಮರೆಯಬೇಡಿ. ಒಂದು ಕಡೆ ಮನ್ನಾ ಆದರೆ ಇನ್ನೊಂದು ಕಡೆ ತಾನಾಗಿ ಮನ್ನಾ ಆಗುವುದಿಲ್ಲ.

ರೊಕ್ಕ ಯಾವ ದಾರಿಯಿಂದ ಬಂತು

ಈಗ ಹಾಳೆಯಲ್ಲಿರುವ ಒಂದೊಂದು ಜಮಾದ ಮುಂದೆ ಅದು ಬಂದ ದಾರಿ ಬರೆಯಿರಿ. ಕೌಂಟರಿನಲ್ಲಿ ಕಟ್ಟಿದ ನಗದು ಎಂಟ್ರಿ ಆದ ಕೂಡಲೇ ನಿಮ್ಮದು. ಡಿಪಾಸಿಟ್ ಮಷಿನ್ನೂ ಹಾಗೆಯೇ, ಆದರೆ ಅದು ವಾಪಸ್ ಉಗುಳಿದ ನೋಟುಗಳನ್ನು ಎಣಿಸಿಕೊಳ್ಳಿ. ಹತ್ತು ಸಾವಿರ ಹಾಕಿದೆ ಅಂತ ಹೇಳುವವರ ಚೀಟಿಯಲ್ಲಿ 9,500 ಇರುವುದುಂಟು. ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸುವ ದಾರಿಗಳಲ್ಲಿ ಐಎಂಪಿಎಸ್ ತಕ್ಷಣ ಬರುತ್ತದೆ. ಎನ್‌ಇಎಫ್‌ಟಿ 2019ರ ಡಿಸೆಂಬರಿನಿಂದ ದಿನದ 24 ಗಂಟೆಯೂ ಇದೆ, ಅರ್ಧ ಗಂಟೆಗೊಂದು ಸಲ ಗುಂಪಾಗಿ ಹೋಗುತ್ತದೆ. ಗುಂಪು ಇತ್ಯರ್ಥವಾದ ಎರಡು ಗಂಟೆಯೊಳಗೆ ನಿಮ್ಮ ಖಾತೆಗೆ ಬೀಳಬೇಕು. ತಡವಾದರೆ ಬ್ಯಾಂಕು ಬಡ್ಡಿ ಕಟ್ಟಿಕೊಡಬೇಕು. ಎರಡು ಲಕ್ಷದಿಂದ ಮೇಲಿನದಕ್ಕೆ ಆರ್‌ಟಿಜಿಎಸ್, ಅದೂ 2020ರ ಡಿಸೆಂಬರಿನಿಂದ ರಾತ್ರಿ ಹಗಲು ಇದೆ.

ತೊಡಕಿನ ದಾರಿ ಎರಡು. ಒಂದು ಚೆಕ್, ಇನ್ನೊಂದು ಅಂಗಡಿಯ ಸ್ಪೀಕರ್ ಡಬ್ಬಿ.

ಚೆಕ್ ಮೊದಲಿಗಿಂತ ಚುರುಕಾಗಿದೆ. 2025ರ ಅಕ್ಟೋಬರ್ 4ರಿಂದ ಚೆಕ್ಕಿನ ಚಿತ್ರವನ್ನು ಗುಂಪು ಕಟ್ಟಿ ಕಾಯದೆ, ಶಾಖೆ ಸ್ಕ್ಯಾನ್ ಮಾಡಿದ ಹಾಗೆಯೇ ಕಳಿಸುತ್ತಾರೆ. ಚೆಕ್ ಬರೆದವರ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಪಾಸೋ ವಾಪಸ್ಸೋ ಹೇಳಬೇಕು. ಏನೂ ಹೇಳದಿದ್ದರೆ ಪಾಸ್ ಅಂತಲೇ ಲೆಕ್ಕ. ಬ್ಯಾಂಕುಗಳ ನಡುವಿನ ಲೆಕ್ಕ ತೀರಿದ ಒಂದು ಗಂಟೆಯೊಳಗೆ ಹಣ ಗ್ರಾಹಕನ ಕೈಗೆ ಸಿಗಬೇಕು. ಇದನ್ನು ಪೇಪರಿನಲ್ಲಿ ಓದಿದವರು “ಈಗ ಚೆಕ್ ಅವತ್ತೇ ಆಗ್ತದ” ಅಂತ ನಂಬಿ ಕಂತಿನ ಹಿಂದಿನ ದಿನ ಮಧ್ಯಾಹ್ನ ಚೆಕ್ ಹಾಕುತ್ತಾರೆ. ಅವತ್ತೇ ಆಗುವುದು ಅವತ್ತೇ ಸ್ಕ್ಯಾನ್ ಆದರೆ ಮಾತ್ರ. ಶಾಖೆಗೆ ಅದರದೇ ಒಂದು ಕಟಾಫ್ ಟೈಮ್ ಇರುತ್ತದೆ. ಡ್ರಾಪ್ ಬಾಕ್ಸ್ ಆದರೆ ಅದನ್ನು ದಿನಕ್ಕೆ ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅಂತ ಮೇಲೆಯೇ ಬರೆದಿರುತ್ತಾರೆ, ನಾವು ಓದಿರುವುದಿಲ್ಲ. ಕಾಕಾನ ಚೆಕ್ ಶುಕ್ರವಾರದ ಕಟಾಫ್ ದಾಟಿತ್ತು. ಎಂಟ್ರಿ ಹಾಕಿಕೊಂಡದ್ದು ಬರೀ ನಮೂದು. ಚೆಕ್ ಹೊರಟದ್ದು ಸೋಮವಾರ ಬೆಳಗ್ಗೆ.

ಸ್ಪೀಕರ್ ಡಬ್ಬಿಯದು ಬೇರೆ ಕಥೆ. “ಐನೂರು ರೂಪಾಯಿ ಸ್ವೀಕರಿಸಲಾಗಿದೆ” ಅಂತ ಅದು ಕೂಗುತ್ತದೆ. ಗಿರಾಕಿಯ ಖಾತೆಯಿಂದ ಹೋಗಿರುವುದು ನಿಜ. ಆದರೆ ವ್ಯಾಪಾರಿ ಕ್ಯೂಆರ್‌ಗಳಲ್ಲಿ ಹಲವು ದಿನದ ವಸೂಲಿಯನ್ನು ಒಟ್ಟು ಮಾಡಿ ರಾತ್ರಿಯೋ ಮರುದಿನವೋ ಬ್ಯಾಂಕ್ ಖಾತೆಗೆ ಕಳಿಸುತ್ತವೆ. ಕಾರ್ಡ್ ಮಷಿನ್ನಿನದೂ ಹಾಗೆಯೇ. ಸಂಜೆ ಆರಕ್ಕೆ ಡಬ್ಬಿ ಹದಿನೈದು ಸಾವಿರ ಕೂಗಿದೆ ಅಂತ ಲೆಕ್ಕ ಹಾಕಿ ಏಳಕ್ಕೆ ಮಾಲಿನವರಿಗೆ ಪೇಮೆಂಟ್ ಹಾಕಲು ಹೋದರೆ ಹಣ ಸಾಲದು ಅಂತ ಬರುತ್ತದೆ. ನಿಮ್ಮ ಆ್ಯಪಿನಲ್ಲಿ ಸೆಟಲ್‌ಮೆಂಟ್ ಅಂತ ಒಂದು ಪುಟ ಇರುತ್ತದೆ. ಒಂದು ವಾರ ಅದನ್ನು ನೋಡಿದರೆ ಯಾವ ಹೊತ್ತಿಗೆ ಬೀಳುತ್ತದೆ ಅಂತ ಗೊತ್ತಾಗುತ್ತದೆ.

ಹಣ ಇದೆ, ಮುಟ್ಟುವಂತಿಲ್ಲ

ಎಲ್ಲ ಜಮಾಗಳೂ ಸರಿಯಾದ ಹೊತ್ತಿಗೆ ಬಂದಿವೆ, ಚೆಕ್ ಯಾವುದೂ ಬಾಕಿ ಇಲ್ಲ, ಆದರೂ ಎರಡು ಬ್ಯಾಲೆನ್ಸ್ ಬೇರೆಬೇರೆ ತೋರಿಸುತ್ತಿವೆ ಅಂದರೆ ಲೀನ್ ಬಿದ್ದಿದೆಯಾ ಕೇಳಿ. ಲೀನ್ ಅಂದರೆ ಇಷ್ಟು ಹಣ ತೆಗೆಯಬೇಡ ಅಂತ ಬ್ಯಾಂಕು ಹಾಕಿದ ಬೀಗ. ಐಪಿಒಗೆ ಅರ್ಜಿ ಹಾಕಿದ್ದರೆ ಆ ಮೊತ್ತಕ್ಕೆ ಬೀಗ ಬಿದ್ದಿರುತ್ತದೆ, ಶೇರು ಸಿಗದಿದ್ದರೆ ತಾನೇ ತೆಗೆಯುತ್ತದೆ. ಕೆಲವು ಬ್ಯಾಂಕುಗಳಲ್ಲಿ ಹಳೇ ಶುಲ್ಕದ ಬಾಕಿಗೂ ಹಾಕುತ್ತಾರೆ. ಅಂಥ ಖಾತೆಗೆ ನೀವು ಕಂತಿಗೆ ಅಂತ ಲೆಕ್ಕ ಹಾಕಿ ಸರಿಯಾಗಿ ತುಂಬಿದರೂ ಮೊದಲು ಬಾಕಿ ಕಡಿತವಾಗಿ, ಕಂತಿಗೆ ನಾಲ್ಕುನೂರೋ ಐನೂರೋ ಕಡಿಮೆ ಬೀಳುತ್ತದೆ.

ಈಚೆಗೆ ಜಾಸ್ತಿ ಆಗಿರುವುದು ಸೈಬರ್ ದೂರಿನ ಲೀನ್. ಎಲ್ಲೋ ಯಾರಿಗೋ ಮೋಸ ಆಗಿ ಅವರು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಾರೆ. ಆ ಹಣ ನಾಲ್ಕು ಕೈ ದಾಟಿ ಒಬ್ಬ ಗಿರಾಕಿ ನಿಮ್ಮ ಅಂಗಡಿಯಲ್ಲಿ ಅದೇ ಹಣದಿಂದ ಸಾಮಾನು ಕೊಂಡಿರುತ್ತಾನೆ. ನಿಮ್ಮ ಖಾತೆಗೂ ಬೀಗ. ಇದರಲ್ಲಿ ಮ್ಯಾನೇಜರ್ ಜೊತೆ ಕೂಗಾಡಿ ಪ್ರಯೋಜನ ಇಲ್ಲ. ದೂರಿನ ನಂಬರ್ ಮತ್ತು ಯಾವ ಊರಿನ ಠಾಣೆ ಅಂತ ಬರೆಸಿಕೊಳ್ಳಿ, ಅವತ್ತಿನ ಬಿಲ್ ಹುಡುಕಿ ಇಟ್ಟುಕೊಳ್ಳಿ.

ಎಟಿಎಂನಲ್ಲಿ ನೋಟು ಬರದೆ ಖಾತೆಯಲ್ಲಿ ಕಡಿತವಾಗಿದ್ದರೆ ಅದೂ ಒಂದು ಕಾರಣ. ಐದು ದಿನದಲ್ಲಿ ವಾಪಸ್ ಬರಬೇಕು, ಬರದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಬ್ಯಾಂಕು ಕೊಡಬೇಕು. ಆ ಐದು ದಿನದೊಳಗೆ ಕಂತು ಬಂದರೆ ಮಾತ್ರ ನೀವೇ ಬೇರೆ ಕಡೆಯಿಂದ ತಂದು ತುಂಬಬೇಕು.

ಓಡಿ, ಸಿಸಿ ಖಾತೆಯವರಿಗೆ

ಬ್ಯಾಡಗಿಯಲ್ಲಿ ನಮ್ಮ ಮಾವನದು ಮೆಣಸಿನಕಾಯಿ ವ್ಯಾಪಾರ. ಸೋಮವಾರ, ಗುರುವಾರ ಟೆಂಡರ್ ಆದ ಮೇಲೆ ಹಣದ ಓಡಾಟ ನೋಡಬೇಕು, ಫೋನ್ ಕೆಳಗೆ ಇಡುವುದಿಲ್ಲ. ಅವರಿಗೆ ಐದು ಲಕ್ಷದ ಸಿಸಿ ಲಿಮಿಟ್ ಇದೆ. ಸಿಸಿ ಅಂದರೆ ಕ್ಯಾಶ್ ಕ್ರೆಡಿಟ್, ಮಾಲಿನ ಮೇಲೆ ಬ್ಯಾಂಕು ಕೊಡುವ ಸಾಲ. 3,58,500 ಮಾತ್ರ ತೆಗೆದಿದ್ದರು. 40,000ದ ಚೆಕ್ ಬರೆದರು, ವಾಪಸ್ ಬಂತು. “ಇನ್ನ ಒಂದ್ ಲಕ್ಷದ ಮ್ಯಾಲ ಬಾಕಿ ಐತಲ್ಲೋ!”

ಇಲ್ಲಿ ನೋಡಬೇಕಾದದ್ದು ಲಿಮಿಟ್ ಅಲ್ಲ, ಡಿಪಿ, ಅಂದರೆ ಡ್ರಾಯಿಂಗ್ ಪವರ್. ಗೋದಾಮಿನಲ್ಲಿರುವ ಮಾಲಿನ ಬೆಲೆಯಿಂದ ನೀವು ಇನ್ನೂ ಹಣ ಕೊಡದ ಮಾಲಿನದನ್ನು ಕಳೆದು, ಉಳಿದದ್ದರಲ್ಲಿ ಮಾರ್ಜಿನ್, ಅಂದರೆ ನೀವೇ ಹಾಕಬೇಕಾದ ಪಾಲು, ಬಿಟ್ಟು ಬರುವ ಮೊತ್ತ ಅದು. ಮಾವ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಮಾಲು 6,00,000, ಕೊಡಬೇಕಾದದ್ದು 1,20,000. ಉಳಿದದ್ದು 4,80,000. ಅದರಲ್ಲಿ ಶೇ 25 ಮಾರ್ಜಿನ್ ತೆಗೆದರೆ 3,60,000. ಅವರು ತೆಗೆಯಬಹುದಾದದ್ದು ಅಷ್ಟೇ, ಕಾಗದದ ಮೇಲೆ ಐದು ಲಕ್ಷ ಇದ್ದರೂ. ಮಾಲು ಅದಕ್ಕಿಂತ ಜಾಸ್ತಿ ಇತ್ತು. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಚೀಲಗಳನ್ನು ಬರೆಯುವುದನ್ನೇ ಮರೆತಿದ್ದರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ತಿಂಗಳ ಕೊನೆಯ ರಾತ್ರಿ ಬಡ್ಡಿ 2,877 ಖರ್ಚು ಬಿತ್ತು. ಬಾಕಿ 3,61,377 ಆಯಿತು. ಡಿಪಿ ದಾಟಿ 1,377 ಹೊರಗೆ. ಯಾರೂ ಏನೂ ತೆಗೆಯದೆ ಖಾತೆ ಓವರ್ ಆಯಿತು, ಪೀನಲ್ ಚಾರ್ಜ್ ಬಿತ್ತು. ಡಿಪಿಯ ಅಂಚಿನವರೆಗೆ ತೆಗೆದು ಕೂರುವವರಿಗೆ ಪ್ರತಿ ತಿಂಗಳ ಒಂದನೇ ತಾರೀಖು ಇದೇ ಪಾಡು. 2024ರ ಏಪ್ರಿಲ್‌ನಿಂದ ಹೊಸ ಸಾಲಗಳಿಗೆ ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕುವಂತಿಲ್ಲ, ಬೇರೆ ಶುಲ್ಕವಾಗಿ ತೋರಿಸಬೇಕು, ಅದರ ಮೇಲೆ ಮತ್ತೆ ಬಡ್ಡಿ ಕಟ್ಟುವಂತಿಲ್ಲ. ಹಾಗೆ ಕಟ್ಟಿದ್ದು ಕಂಡರೆ ಧೈರ್ಯವಾಗಿ ಕೇಳಿ.

ಸ್ಟಾಕ್ ಸ್ಟೇಟ್‌ಮೆಂಟ್ ಮೂರು ತಿಂಗಳಿಗಿಂತ ಹಳೆಯದಾದರೆ ಅದರ ಮೇಲಿನ ಡಿಪಿಗೆ ಬೆಲೆ ಇಲ್ಲ. ಬಾಕಿ 90 ದಿನ ಸತತವಾಗಿ ಲಿಮಿಟ್ ಅಥವಾ ಡಿಪಿ ದಾಟಿ ನಿಂತರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಪಟ್ಟಿಗೆ. ಆಗ ದಂಡ ಗಿಂಡ ಎಲ್ಲ ಸಣ್ಣ ಮಾತು.

ಓಡಿಯ ಒಂದು ಅನುಕೂಲವನ್ನೂ ಹೇಳಬೇಕು. ಇಲ್ಲಿ ಬಡ್ಡಿ ದಿನದ ಕೊನೆಗೆ ಎಷ್ಟು ಬಾಕಿ ಇದೆಯೋ ಅಷ್ಟಕ್ಕೆ ಮಾತ್ರ. ಶೇ 10ರಂತೆ ಒಂದು ಲಕ್ಷಕ್ಕೆ ದಿನಕ್ಕೆ 27 ರೂಪಾಯಿ ಚಿಲ್ಲರೆ. ಸಂಜೆಯ ಗಲ್ಲಾದ ಹಣ ಮನೆಯ ತಿಜೋರಿಯಲ್ಲಿ ಮಲಗುವ ಬದಲು ಓಡಿ ಖಾತೆಯಲ್ಲಿ ಮಲಗಿದರೆ ಅಷ್ಟು ಉಳಿಯುತ್ತದೆ, ಬೆಳಗ್ಗೆ ಮತ್ತೆ ತೆಗೆಯಬಹುದು.

ಮಿನಿಮಮ್ ಬ್ಯಾಲೆನ್ಸ್ ದಂಡ

ಇದು ಮೊದಲಿನಷ್ಟು ಇಲ್ಲ. ಸ್ಟೇಟ್ ಬ್ಯಾಂಕ್ 2020ರಲ್ಲೇ ಉಳಿತಾಯ ಖಾತೆಗೆ ಬಿಟ್ಟಿತು, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ. ಖಾಸಗಿ ಬ್ಯಾಂಕುಗಳಲ್ಲಿ ಇನ್ನೂ ಇದೆ. ತಿಂಗಳ ಸರಾಸರಿ 5,000 ಅಂದರೆ ದಿನಾ 5,000 ಇರಬೇಕು ಅಂತ ಅಲ್ಲ. ದಿನದ ಕೊನೆಯ ಬಾಕಿಗಳನ್ನೆಲ್ಲ ಕೂಡಿಸಿ ದಿನಗಳಿಂದ ಭಾಗಿಸುತ್ತಾರೆ. ಮೂವತ್ತು ದಿನಕ್ಕೆ ಕೂಡಿದ ಮೊತ್ತ 1,50,000 ಬಂದರೆ ಸಾಕು. ಬೆಟಗೇರಿಯ ಟೇಲರ್ ಅಕ್ಕ ಒಬ್ಬರಿಗೆ ಇದನ್ನು ಹೇಳಿಕೊಟ್ಟೆ. ಚೀಟಿ ಎತ್ತಿದ 75,000 ಅನ್ನು ಎರಡು ರಾತ್ರಿ ಖಾತೆಯಲ್ಲಿ ಬಿಟ್ಟರು, ಆ ತಿಂಗಳ ಲೆಕ್ಕ ಮುಗಿಯಿತು. ಬೆಳಗ್ಗೆ ಹಾಕಿ ಸಂಜೆ ತೆಗೆದಿದ್ದರೆ ಏನೂ ಸಿಗುತ್ತಿರಲಿಲ್ಲ. ಇನ್ನೊಂದು, ಬರೀ ಈ ದಂಡದಿಂದ ಉಳಿತಾಯ ಖಾತೆ ಮೈನಸ್‌ಗೆ ಹೋಗುವಂತಿಲ್ಲ. ರಿಸರ್ವ್ ಬ್ಯಾಂಕಿನ ಈ ನಿಯಮ 2015ರ ಏಪ್ರಿಲ್‌ನಿಂದ ಇದೆ. ಮೈನಸ್ ಕಂಡರೆ ಅದು ಬ್ಯಾಂಕಿನ ತಪ್ಪು.

ವಾಪಸ್ ಕೇಳುವುದು

ಹಾಳೆ ಪೂರ್ತಿ ಆದ ಮೇಲೆ ತಪ್ಪು ಯಾರದು ಅಂತ ಅದೇ ಹೇಳುತ್ತದೆ. ಚೆಕ್ ವಾಪಸ್ ಆಗಿದ್ದರೆ ರಿಟರ್ನ್ ಮೆಮೊ ಕೇಳಿ ಪಡೆಯಿರಿ. ಹಣ ಸಾಲದು ಅಂತ ಇದೆಯಾ, ಬೇರೆ ಕಾರಣ ಇದೆಯಾ ನೋಡಿ. ಗ್ರಾಹಕನ ತಪ್ಪಿದ್ದರೆ ಮಾತ್ರ ಚೆಕ್ ರಿಟರ್ನ್ ಶುಲ್ಕ ಹಾಕಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಚಿತ್ರ ಮಬ್ಬಾಗಿ ಬಂತು, ಸ್ಕ್ಯಾನ್ ಸರಿ ಇಲ್ಲ ಅನ್ನುವಂಥದ್ದಕ್ಕೆ ನೀವು ಯಾಕೆ ಕಟ್ಟಬೇಕು? ಈ ಕಡೆ ಇನ್ನೊಂದು ಸಂಗತಿ ನೋಡಬೇಕು. ಧಾರವಾಡದಲ್ಲಿ ಪ್ರಧಾನ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ, ಕಚೇರಿ ಬಳ್ಳಾರಿಗೆ ಹೋಗಿದೆ. ಆ ಖಾತೆ ಇದ್ದವರು ಕಂತಿನ ಮ್ಯಾಂಡೇಟು (ಕಂತು ಎಳೆಯಲು ಕೊಟ್ಟ ಒಪ್ಪಿಗೆ), ಚೆಕ್ ಪುಸ್ತಕ, ಐಎಫ್‌ಎಸ್‌ಸಿ ಕೋಡ್ ಯಾವ ಹೆಸರಿನಲ್ಲಿವೆ ಅಂತ ಶಾಖೆಯಲ್ಲಿ ಒಮ್ಮೆ ಕೇಳಿಬಿಡಿ.

ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಧ ಪುಟದ ಅರ್ಜಿ, ಜೊತೆಗೆ ಹಾಳೆಯ ಝೆರಾಕ್ಸ್, ಸೀಲ್ ಹಾಕಿಸಿದ ಒಂದು ಪ್ರತಿ ನಿಮ್ಮ ಹತ್ತಿರ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ. ತಪ್ಪು ನಿಮ್ಮದೇ ಆಗಿದ್ದರೂ ಮೊದಲನೇ ಸಲ ಅಂತ ಕೇಳಿ ನೋಡಿ. ನಯವಾಗಿ ಕೇಳಿದರೆ ಒಂದೊಂದು ಸಲ ಬಿಡುತ್ತಾರೆ. ಕೂಗಾಡಿದವರಿಗೆ ಬಿಟ್ಟದ್ದು ನಾನು ಕಂಡಿಲ್ಲ.

ಒಂದು ಎಚ್ಚರಿಕೆ. ದಂಡದ ಜಗಳ ನಡೆಯುತ್ತಿರುವಾಗ ಕಂತನ್ನು ಬಾಕಿ ಇಡಬೇಡಿ. ಚೆಕ್ ಬೌನ್ಸ್‌ಗೆ ಕ್ರಿಮಿನಲ್ ಕೇಸು ಹಾಕುವ 138ನೇ ಕಲಂ ಇರುವ ಹಾಗೆ ನ್ಯಾಚ್ ಬೌನ್ಸ್‌ಗೂ 2007ರ ಪಾವತಿ ಕಾಯ್ದೆಯಲ್ಲಿ 25ನೇ ಕಲಂ ಇದೆ.

ಕಾಕಾ ಭಾನುವಾರವೇ ಮಗನ ಖಾತೆಯಿಂದ ಸಾಲದ ಕಂಪನಿಯ ಆ್ಯಪಿನಲ್ಲಿ ಕಂತು ಕಟ್ಟಿದರು. ಕಂಪನಿಯವರು 590 ಬಿಟ್ಟರು. ಬ್ಯಾಂಕಿನವರು ಬಿಡಲಿಲ್ಲ, ಹಾಳೆ ನೋಡಿದರೆ ಬಿಡಬೇಕಾದ ಕಾರಣವೂ ಇರಲಿಲ್ಲ. ಕಂತಿನ ತಾರೀಖು 10ರಿಂದ 15ಕ್ಕೆ ಬದಲಿಸಲು ಅರ್ಜಿ ಹಾಕಿದ್ದೇವೆ. ಎರಡನೇ ಶನಿವಾರ 14ಕ್ಕೆ, ಭಾನುವಾರ 15ಕ್ಕೆ ಬರುವ ತಿಂಗಳುಗಳೂ ಇವೆ ಅಂತ ಅರ್ಜಿ ಕೊಟ್ಟು ಹೊರಗೆ ಬಂದ ಮೇಲೆ ಹೊಳೆಯಿತು. ಅದಕ್ಕೇ ಕ್ಯಾಲೆಂಡರಿನಲ್ಲಿ ಆ ತಿಂಗಳುಗಳ ಗುರುವಾರಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಗಲ್ಲಾದ ಹಿಂದಿನ ಗೋಡೆಗೆ ತೂಗುಹಾಕಿದ್ದೇವೆ.